ಯಂತ್ರವೂ ಕೋಣೆಯೂ ಕಿವಿಯೂ

‘ಹೈ-ಫೈ’ ಎಂಬ ಪುಟ್ಟ ಮಾತು ಇಂದು ಊರೆಲ್ಲ ತಿರುಗಾಡುತ್ತಿದೆ. ಆಡಂಬರದ ಮದುವೆಯೂ ಹೈ-ಫೈ, ಗಾಜಿನ ಬಾಗಿಲಿನ ಹೋಟೆಲೂ ಹೈ-ಫೈ, ಉದ್ದನೆಯ ಕಾರಿನಿಂದ ಇಳಿದ ಮಹನೀಯರೂ ಹೈ-ಫೈ! ಆದರೆ ಈ ಮಾತು ಮೊದಲು ಹುಟ್ಟಿದ್ದು ಧ್ವನಿಯಂತ್ರಗಳ ಲೋಕದಲ್ಲಿ. ‘ಹೈ ಫಿಡೆಲಿಟಿ’ ಎಂಬುದರ ಮೊಟಕು ರೂಪವದು. ಫಿಡೆಲಿಟಿಯೆಂದರೆ ನಿಷ್ಠೆ. ಯಾರಿಗೆ ನಿಷ್ಠೆ? ಹಾಡಿದವರ ಕಂಠಕ್ಕೆ, ನುಡಿಸಿದವರ ಬೆರಳಿಗೆ. ಅವರು ಕೊಟ್ಟದ್ದನ್ನು ಕೂಡಿಸದೆ, ಕಳೆಯದೆ, ಬಣ್ಣ ಹಚ್ಚದೆ ಕೇಳುವವನ ಕಿವಿಗೆ ಮುಟ್ಟಿಸತಕ್ಕ ಯಂತ್ರಕ್ಕೆ ಈ ಹೆಸರು ಸಲ್ಲುತ್ತದೆ. ರಾಯಭಾರಿಯಾದವನು ತನ್ನ ಪಾಂಡಿತ್ಯವನ್ನು ಮೆರೆಸದೆ ಒಡೆಯನ ಮಾತನ್ನು ಒಡೆಯನ ಮಾತಾಗಿಯೇ ಒಪ್ಪಿಸಬೇಕಷ್ಟೆ?

ಈ ನಿಷ್ಠೆಯ ಬೆನ್ನು ಹತ್ತಿದ ಗೃಹಸ್ಥನ ಪಾಡನ್ನು ಕಂಡವರಿಗೆ ನಗುವೂ ಮರುಕವೂ ಒಟ್ಟಿಗೇ ಬರುತ್ತವೆ. ಆತನು ಸಂಗೀತಪ್ರಿಯ, ದುಂದುಗಾರನಲ್ಲ. ವರ್ಷಗಟ್ಟಲೆ ಉಳಿಸಿದ ಹಣದಲ್ಲಿ ಒಂದು ಆಂಪ್ಲಿಫೈಯರನ್ನೂ ಒಂದು ಜೊತೆ ಸ್ಪೀಕರನ್ನೂ ತಂದು ನಡುಮನೆಯಲ್ಲಿ ಪ್ರತಿಷ್ಠಾಪಿಸುತ್ತಾನೆ. ಮೊದಲ ತಿಂಗಳು ಸಂತೋಷ. ಎರಡನೆಯ ತಿಂಗಳು ಸಂದೇಹ. ಮೃದಂಗದ ಎಡಮುಖವು ಏಕೋ ಗುಮ್ಮೆನ್ನುತ್ತದೆ. ಗಾಯಕರ ಸಾಹಿತ್ಯ ಮಸಕು ಮಸಕಾಗಿ ಕೇಳುತ್ತದೆ. ಆಂಪ್ಲಿಫೈಯರಿನ ಶಕ್ತಿ ಸಾಲದೆಂದು ಅದನ್ನು ಬದಲಾಯಿಸುತ್ತಾನೆ. ಬಳಿಕ ತಂತಿಗಳು ಅಗ್ಗದವೆಂದು ಅವನ್ನೂ ಬದಲಾಯಿಸುತ್ತಾನೆ. ಸೊಸೈಟಿಯ ಸಾಲವೂ ತಲೆಯ ಮೇಲೆ ಬರುತ್ತದೆ. ಮೃದಂಗ ಮಾತ್ರ ಮೊದಲಿನಂತೆಯೇ ಗುಮ್ಮೆನ್ನುತ್ತದೆ. “ಏನೂಂದ್ರೆ, ಹಳೇದರಲ್ಲೂ ಹೀಗೇ ಕೇಳುತ್ತಿತ್ತಲ್ಲ?” ಎಂದು ಮನೆಯಾಕೆ ಕೇಳಿದರೆ ಆತನಿಗೆ ಕೋಪ ಬರುತ್ತದೆ. ಕೋಪಿಸಿಕೊಳ್ಳಬೇಕಾದ ಕಾರಣವಿಲ್ಲ. ಆಕೆಯ ಮಾತು ವಿಜ್ಞಾನಕ್ಕೆ ಒಪ್ಪುವ ಮಾತು.

ಹೇಗೆಂದರೆ, ಹಾಡು ಗಾಯಕರ ಕಂಠದಿಂದ ಕೇಳುವವನ ಮನಸ್ಸಿಗೆ ಬರಬೇಕಾದರೆ ಐದು ಬಾಗಿಲುಗಳನ್ನು ದಾಟಬೇಕು. ಮೊದಲನೆಯದು ಧ್ವನಿಮುದ್ರಿಕೆ. ಎರಡನೆಯದು ಆಂಪ್ಲಿಫೈಯರು. ಮೂರನೆಯದು ಸ್ಪೀಕರು. ನಾಲ್ಕನೆಯದು ಕೋಣೆ. ಐದನೆಯದು ಕಿವಿ. ಇವುಗಳಲ್ಲಿ ಎರಡನೆಯ ಬಾಗಿಲು ಇಂದು ಸಾಮಾನ್ಯವಾಗಿ ಸಾಕಷ್ಟು ಅಗಲವಾಗಿಯೇ ಇದೆ. ಅತಿ ಇಕ್ಕಟ್ಟಾದದ್ದು ನಾಲ್ಕನೆಯದು. ವಿಚಿತ್ರವೆಂದರೆ ಹಣವೆಲ್ಲ ಎರಡನೆಯದರ ಬಳಿ ಸುರಿಯುತ್ತದೆ; ನಾಲ್ಕನೆಯದನ್ನು ಬಾಗಿಲೆಂದು ಎಣಿಸುವವರೇ ವಿರಳ. ಅಂಗಡಿಯವನನ್ನು ದೂರಿ ಫಲವಿಲ್ಲ. ಕೋಣೆಯನ್ನು ಕಟ್ಟಿಕೊಡಲು ಅವನಿಂದ ಸಾಧ್ಯವಿಲ್ಲ, ಪೆಟ್ಟಿಗೆಯನ್ನು ಕಟ್ಟಿಕೊಡಬಲ್ಲ.

ಕೋಣೆಯ ಮಹಿಮೆಯನ್ನು ಲೆಕ್ಕಕ್ಕೆ ತಂದ ಮಹನೀಯ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ತರುಣ ಅಧ್ಯಾಪಕ ವಾಲೇಸ್ ಸೇಬೈನ್. 1895ರಲ್ಲಿ ಅಲ್ಲಿಯ ಫಾಗ್ ಕಲಾಸಂಗ್ರಹಾಲಯದಲ್ಲಿ ಉಪನ್ಯಾಸಕ್ಕೆಂದು ಹೊಸ ಸಭಾಂಗಣವೊಂದು ಸಿದ್ಧವಾಯಿತು. ನೋಟಕ್ಕೆ ಸುಂದರ, ಕೇಳುವುದಕ್ಕೆ ಭಯಂಕರ. ಆಡಿದ ಒಂದು ಮಾತು ಗೋಡೆಯಿಂದ ಗೋಡೆಗೆ ಬಡಿದು ಸುಮಾರು ಐದೂವರೆ ಸೆಕೆಂಡು ಉಳಿಯುತ್ತಿತ್ತು. ಅಷ್ಟರಲ್ಲಿ ಉಪನ್ಯಾಸಕರು ಇನ್ನೂ ಹತ್ತಾರು ಮಾತುಗಳನ್ನಾಡಿರುತ್ತಿದ್ದರು. ಎಲ್ಲವೂ ಒಂದರ ಮೇಲೊಂದು ಬಿದ್ದು ಸಂತೆಯ ಗದ್ದಲವಾಗುತ್ತಿತ್ತು. ಸೇಬೈನ್ ಮತ್ತು ಆತನ ಸಹಾಯಕರು ಊರು ಮಲಗಿದ ಮೇಲೆ ಸಮೀಪದ ಸ್ಯಾಂಡರ್ಸ್ ನಾಟಕಶಾಲೆಯಿಂದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು ಅಂಗಣದಲ್ಲಿ ಹರಡುತ್ತಿದ್ದರು. ಆರ್ಗನ್ ವಾದ್ಯದ ಕೊಳವೆಯೊಂದನ್ನು ನುಡಿಸಿ, ನಿಲ್ಲಿಸಿ, ಸದ್ದು ಅಡಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ಹಿಡಿದು ಅಳೆಯುತ್ತಿದ್ದರು. ಬೆಳಗಾಗುವುದರೊಳಗೆ ಮೆತ್ತೆಗಳನ್ನು ಪುನಃ ಸ್ವಸ್ಥಾನಕ್ಕೆ ಸೇರಿಸಬೇಕು! ಮೆತ್ತೆಗಳು ಹೆಚ್ಚಿದಂತೆ ಪ್ರತಿಧ್ವನಿಯ ಆಯುಸ್ಸು ಕ್ರಮಬದ್ಧವಾಗಿ ಕುಗ್ಗುತ್ತ ಬಂದಿತು. ಕೋಣೆಯ ಗಾತ್ರ, ಅದರೊಳಗೆ ಸದ್ದನ್ನು ಹೀರತಕ್ಕ ವಸ್ತುಗಳು, ಇವೆರಡನ್ನು ತಿಳಿದರೆ ಪ್ರತಿಧ್ವನಿಯ ಅವಧಿಯನ್ನು ಮೊದಲೇ ಗುಣಿಸಿ ಹೇಳಬಹುದೆಂಬ ಸೂತ್ರವು ಹೀಗೆ ಮೆತ್ತೆಗಳ ಹೊರೆಯಿಂದ ಹುಟ್ಟಿತು. ಆ ಸೂತ್ರದ ಬಲದಿಂದ ಯೋಜಿತವಾಗಿ 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಮಂದಿರವನ್ನು ಜಗತ್ತಿನ ಶ್ರೇಷ್ಠ ಸಂಗೀತಮಂದಿರಗಳಲ್ಲಿ ಒಂದೆಂದು ಇಂದಿಗೂ ಎಣಿಸುತ್ತಾರೆ.

ಈ ದೃಷ್ಟಿಯಿಂದ ಇಂದಿನ ಬೆಂಗಳೂರಿನ ಒಂದು ಮನೆಯನ್ನು ನೋಡಬೇಕು. ನೆಲಕ್ಕೆ ಗ್ರಾನೈಟು ಅಥವಾ ನುಣುಪಾದ ಟೈಲ್ಸು, ಗೋಡೆಗೆ ಸಿಮೆಂಟು, ಮೇಲೆ ಕಾಂಕ್ರೀಟು, ಕಿಟಕಿಗೆ ಅಗಲವಾದ ಗಾಜು. ಸದ್ದನ್ನು ಹೀರುವ ವಸ್ತು ಒಂದೂ ಇಲ್ಲ. ಹಳೆಯ ತೊಟ್ಟಿಮನೆಯಲ್ಲಿ ಹೆಂಚಿನ ಸಂದುಗಳಿದ್ದವು, ಮರದ ಅಟ್ಟವಿತ್ತು, ನಡುವೆ ಆಕಾಶಕ್ಕೆ ತೆರೆದ ತೊಟ್ಟಿಯಿತ್ತು; ಸದ್ದು ಹೊರಗೆ ಹೋಗಲು ದಾರಿಯಿತ್ತು. ಹೊಸ ಮನೆಯಲ್ಲಿ ಅದು ಸೆರೆಯಾಳು. ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಸಾಕು. ಚಪ್ಪಾಳೆಯ ಹಿಂದೆಯೇ ‘ಝಿರ್ರ್’ ಎಂಬ ಬಾಲವೊಂದು ಕೇಳಿಬಂದರೆ, ಆ ಬಾಲವೇ ಪ್ರತಿದಿನವೂ ಗಾಯಕರ ಸಾಹಿತ್ಯವನ್ನು ಮಸಕು ಮಾಡುತ್ತಿರುವ ಅಪರಾಧಿ.

ಪರಿಹಾರವು ಮನೆಯಲ್ಲಿಯೇ ಇದೆ. ನವಲಗುಂದದ ಜಮಖಾನೆಯೊಂದನ್ನು ಸ್ಪೀಕರುಗಳ ಮುಂದೆ ಹಾಸಬಹುದು. ಅದರ ಕೆಳಗೆ ದಪ್ಪ ಕಂಬಳಿಯಿದ್ದರೆ ಇನ್ನೂ ಲೇಸು. ಕಿಟಕಿಗೆ ನೆರಿಗೆ ತುಂಬಿದ ಭಾರವಾದ ಪರದೆ ಇರಲಿ. ಒಂದು ಗೋಡೆಗೆ ಪುಸ್ತಕದ ಕಪಾಟು ಇರಲಿ; ಗ್ರಂಥಗಳ ಗಾತ್ರ ಒಂದೇ ಸಮನಾಗಿರದಿದ್ದರೆ ಸದ್ದು ಚೆದರುತ್ತದೆ. ಪಕ್ಕದ ಗೋಡೆಯಲ್ಲಿ ಎಲ್ಲಿ ಹೊದಿಕೆ ಬೇಕೆಂಬುದನ್ನು ಕಂಡುಹಿಡಿಯಲು ಸುಲಭವಾದ ಉಪಾಯವೊಂದುಂಟು. ಗೃಹಸ್ಥನು ಕೇಳುವ ಕುರ್ಚಿಯಲ್ಲಿ ಕುಳಿತಿರಬೇಕು. ಮಗನೋ ಮಗಳೋ ಮುಖ ನೋಡುವ ಕನ್ನಡಿಯನ್ನು ಗೋಡೆಗೆ ಒತ್ತಿ ಹಿಡಿದು ಮೆಲ್ಲನೆ ಸರಿಸುತ್ತ ಹೋಗಬೇಕು. ಕುಳಿತವನಿಗೆ ಕನ್ನಡಿಯಲ್ಲಿ ಸ್ಪೀಕರು ಎಲ್ಲಿ ಕಾಣಿಸುತ್ತದೋ ಅಲ್ಲಿಂದಲೇ ಸದ್ದಿನ ಮೊದಲ ಪ್ರತಿಫಲನವೂ ಬರುತ್ತದೆ. ಅಲ್ಲಿ ದಪ್ಪ ಬಟ್ಟೆಯನ್ನಾಗಲಿ ಕಪಾಟನ್ನಾಗಲಿ ನಿಲ್ಲಿಸಿದರೆ ಕೆಲಸವಾಯಿತು.

ಇದು ಮೇಲಿನ ಸ್ವರಗಳ ಮಾತು. ಕೆಳಗಿನ ಸ್ವರಗಳು ಜಮಖಾನೆಗೆ ಬಗ್ಗುವಂಥವಲ್ಲ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು ಓಡುತ್ತದೆ. ಹನ್ನೆರಡು ಅಡಿ ಉದ್ದದ ಕೋಣೆಯಲ್ಲಿ ಎರಡು ಗೋಡೆಗಳ ನಡುವೆ ಸೆಕೆಂಡಿಗೆ ಸುಮಾರು 47 ಕಂಪನಗಳ ನಾದವೂ ಅದರ ಎರಡರಷ್ಟು, ಮೂರರಷ್ಟು ಕಂಪನಗಳ ನಾದಗಳೂ ತಂಗಿ ಊದಿಕೊಳ್ಳುತ್ತವೆ. ಅವುಗಳಲ್ಲಿ ಮೊದಲನೆಯದು ಗೋಡೆಗೆ ಒರಗಿ ಕುಳಿತವನಿಗೆ ಗುಡುಗಿನಂತೆ ಕೇಳುತ್ತದೆ. ಸರಿಯಾಗಿ ನಡುವೆ ಕುಳಿತವನಿಗೆ ಬಹುಮಟ್ಟಿಗೆ ಕೇಳುವುದೇ ಇಲ್ಲ. ಒಂದೇ ಕೋಣೆ, ಒಂದೇ ಯಂತ್ರ, ಒಂದೇ ಹಾಡು. ಆದರೂ ಕುರ್ಚಿ ಎರಡಡಿ ಸರಿದರೆ ಮೃದಂಗವೇ ಬೇರೆ! ಸ್ಪೀಕರನ್ನು ಮೂಲೆಗೆ ತಳ್ಳಿದಷ್ಟೂ ಈ ಗುಮ್ಮಾಟ ಹೆಚ್ಚುತ್ತದೆ. ಸ್ಥಳ ಉಳಿಯುತ್ತದೆಂದು ಮೂಲೆಗೆ ತಳ್ಳುವುದೇ ಎಲ್ಲ ಮನೆಗಳ ಪದ್ಧತಿಯಷ್ಟೆ?

ಆದುದರಿಂದ ಮೊದಲು ಮಾಡತಕ್ಕ ಸುಧಾರಣೆಗೆ ಬಿಡಿಗಾಸೂ ಬೇಡ. ಸ್ಪೀಕರುಗಳನ್ನು ಮೂಲೆಯಿಂದ ಬಿಡಿಸಿ, ಗೋಡೆಯಿಂದ ಒಂದೂವರೆ ಎರಡು ಅಡಿ ಮುಂದಕ್ಕೆ ತರಬೇಕು. ಎರಡು ಸ್ಪೀಕರು ಮತ್ತು ಕೇಳುವವನ ತಲೆ, ಈ ಮೂರೂ ಸಮಭುಜ ತ್ರಿಕೋಣದ ಮೂರು ಮೂಲೆಗಳಾಗಬೇಕು. ಮೇಲಿನ ಸ್ವರಗಳನ್ನು ಹೊರಡಿಸುವ ಚಿಕ್ಕ ಟ್ವೀಟರು ಕುಳಿತವನ ಕಿವಿಯ ಎತ್ತರಕ್ಕಿರಬೇಕು. ಕುರ್ಚಿಯು ಗೋಡೆಗೆ ತಾಗಿರಕೂಡದು. ಹೀಗೆ ಒಂದೊಂದು ಗೇಣು ಸರಿಸುತ್ತ, ಒಂದೇ ಹಾಡನ್ನು ಕೇಳುತ್ತ, ಒಂದು ಭಾನುವಾರವನ್ನು ಕಳೆದರೆ ಸಾವಿರಾರು ರೂಪಾಯಿಯ ತಂತಿಯು ಕೊಡಲಾರದ ಲಾಭ ಕೈಗೆ ಬರುತ್ತದೆ.

ಇಷ್ಟಾದ ಮೇಲೆಯೂ ಹಣ ಖರ್ಚು ಮಾಡುವ ಉತ್ಸಾಹ ಉಳಿದಿದ್ದರೆ ಅದು ಸ್ಪೀಕರಿಗೆ ಹೋಗಲಿ. ವಿದ್ಯುತ್ತನ್ನು ಗಾಳಿಯ ಅಲುಗಾಟವಾಗಿ ಮಾರ್ಪಡಿಸುವ ಕೆಲಸ ಅದರದು. ಯಂತ್ರಗಳ ಸಾಲಿನಲ್ಲಿ ಅತ್ಯಂತ ಕಷ್ಟದ ಕೆಲಸವೂ ಅದೇ; ಒಂದು ಸ್ಪೀಕರಿಗೂ ಇನ್ನೊಂದಕ್ಕೂ ಇರುವ ಅಂತರವನ್ನು ಮಕ್ಕಳೂ ಗುರುತಿಸಬಲ್ಲರು. ಆಂಪ್ಲಿಫೈಯರಿನ ಮಾತು ಹಾಗಲ್ಲ. ಅಂಗಡಿಯಲ್ಲಿ ‘ಐವತ್ತು ವಾಟು’, ‘ನೂರು ವಾಟು’ ಎಂಬ ಅಂಕಿಗಳು ಎತ್ತುಗಳ ಹಲ್ಲಿನಂತೆ ಎಣಿಕೆಗೆ ಬರುತ್ತವೆ. ಕಿವಿಯ ಲೆಕ್ಕವೇ ಬೇರೆ. ಶಕ್ತಿಯು ಇಮ್ಮಡಿಯಾದರೆ ಸದ್ದು ಏರುವುದು ಕೇವಲ 3 ಡೆಸಿಬೆಲ್ಲು. ಗಮನವಿಟ್ಟು ಕೇಳಿದರೆ ತಿಳಿಯುವಷ್ಟು. ಸದ್ದು ಎರಡರಷ್ಟಾಯಿತೆಂದು ಕಿವಿಗೆ ಅನ್ನಿಸಬೇಕಾದರೆ ಶಕ್ತಿಯು ಸುಮಾರು ಹತ್ತರಷ್ಟಾಗಬೇಕು. ಚಿಕ್ಕ ಕೋಣೆಯಲ್ಲಿ ಹಿತಮಿತವಾಗಿ ಕೇಳುವಾಗ ಸರಾಸರಿ ಒಂದು ವಾಟಿನ ಆಸುಪಾಸಿನಲ್ಲಿಯೇ ವ್ಯವಹಾರ ಮುಗಿಯುತ್ತದೆ. ಉಳಿದ ವಾಟುಗಳು ಬೇಕಾಗುವುದು ತನಿ ಆವರ್ತನದ ಮುಕ್ತಾಯದಂಥ ಏರುಗಳಿಗೆ ಮಾತ್ರ. ಗುಣುಗುಣು ಸದ್ದೊಂದು ಬಿಡದೆ ಕಾಡುತ್ತಿದ್ದರೆ ಹೊಸ ಆಂಪ್ಲಿಫೈಯರನ್ನು ಹುಡುಕುವುದಕ್ಕೆ ಮೊದಲು ಮನೆಯ ಪ್ಲಗ್ಗಿನಲ್ಲಿ ಅರ್ತಿಂಗ್ ಸರಿಯಿದೆಯೇ ಎಂದು ವಿದ್ಯುತ್ ಕೆಲಸದವರಿಗೆ ತೋರಿಸುವುದು ಲೇಸು. ಅನೇಕ ವೇಳೆ ರೋಗದ ಮೂಲ ಅಲ್ಲಿರುತ್ತದೆ.

ಅಂಗಡಿಯಲ್ಲಿ ಎರಡು ಯಂತ್ರಗಳನ್ನು ತೂಗಿ ನೋಡುವಾಗಲೂ ಎಚ್ಚರಿಕೆ ಬೇಕು. ಸ್ವಲ್ಪ ಜೋರಾಗಿ ನುಡಿದ ಯಂತ್ರವೇ ಮಧುರವೆಂದು ತೋರುವುದು ಕಿವಿಯ ದೌರ್ಬಲ್ಯ. ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತಂದು, ಯಾವುದು ನುಡಿಯುತ್ತಿದೆಯೆಂದು ತಿಳಿಸದೆ ಕೇಳಿಸಿದರೆ, ಬೆಲೆಯ ಚೀಟಿಯಲ್ಲಿದ್ದ ಮಾಧುರ್ಯವು ಎಷ್ಟೋ ವೇಳೆ ಮಾಯವಾಗುತ್ತದೆ. 1954ರಲ್ಲಿ ಇಂಗ್ಲೆಂಡಿನ ಸ್ಪೀಕರು ತಯಾರಕ ಗಿಲ್ಬರ್ಟ್ ಬ್ರಿಗ್ಸ್ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಸಾವಿರಾರು ಶ್ರೋತೃಗಳನ್ನು ಕೂಡಿಸಿ, ವೇದಿಕೆಯ ಮೇಲಿನ ಕಲಾವಿದರ ವಾದನವನ್ನೂ ಅವರದೇ ಧ್ವನಿಮುದ್ರಣವನ್ನೂ ಒಂದರ ಪಕ್ಕದಲ್ಲೊಂದು ಕೇಳಿಸಿದನು. ತಯಾರಕನೊಬ್ಬನು ತನ್ನ ಸರಕನ್ನು ತಾನೇ ಇಂಥ ಅಗ್ನಿಪರೀಕ್ಷೆಗೆ ಒಡ್ಡಿದುದು ಮೆಚ್ಚತಕ್ಕ ವಿಷಯ. ಕಚೇರಿಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ಕೇಳಿದ ವೀಣೆಯೇ ಮನೆಯ ವೀಣೆಗೆ ಒರೆಗಲ್ಲು, ಇನ್ನೊಂದು ಯಂತ್ರವಲ್ಲ.

ಒರೆಗಲ್ಲಿಗೆ ತಂಬೂರಿಗಿಂತ ಉತ್ತಮವಾದುದಿಲ್ಲ. ಸರ್ ಸಿ. ವಿ. ರಾಮನ್ ಅವರು ಬೆಂಗಳೂರಿಗೆ ಬರುವುದಕ್ಕೆ ಬಹಳ ಮೊದಲು, ಕಲ್ಕತ್ತೆಯಲ್ಲಿದ್ದಾಗ, ಭಾರತೀಯ ವಾದ್ಯಗಳ ಮೇಲೆ ಕೆಲಸ ಮಾಡಿದ್ದರು. ಚರ್ಮವಾದ್ಯದ ನಡುವಿನ ಕಪ್ಪು ಲೇಪವು ಅದರ ಒರಟು ಸದ್ದನ್ನು ಶ್ರುತಿಬದ್ಧವಾದ ನಾದವಾಗಿ ಮಾಡುವ ಬಗೆಯನ್ನು 1920ರಲ್ಲಿ ಪ್ರಕಟಿಸಿದರು. ಮರುವರ್ಷ ತಂಬೂರಿ ಮತ್ತು ವೀಣೆಗಳ ಸರದಿ. ತಂತಿಯನ್ನು ಇಂಥಲ್ಲಿ ಮೀಟಿದರೆ ಇಂಥ ಉಪಸ್ವರಗಳು ಹುಟ್ಟಲಾರವು ಎಂದು ಪಾಶ್ಚಾತ್ಯ ವಿಜ್ಞಾನಿಗಳ ನಿಯಮವೊಂದಿತ್ತು. ತಂಬೂರಿಯು ಆ ನಿಯಮವನ್ನು ಲೆಕ್ಕಿಸದೆ ಆ ಉಪಸ್ವರಗಳನ್ನೂ ನಿಚ್ಚಳವಾಗಿ ನುಡಿಯುತ್ತದೆ. ಅದಕ್ಕೆ ಕಾರಣ ಅಗಲವಾದ ಕುದುರೆಯೂ ತಂತಿಯ ಕೆಳಗಿನ ನೂಲೆಳೆಯೂ ಎಂದು ರಾಮನ್ ತೋರಿಸಿದರು. ಈ ಉಪಸ್ವರಗಳ ಗುಂಪೇ ತಂಬೂರಿಯ ಪ್ರಾಣ. ಯಂತ್ರವು ಕೆಟ್ಟದಾದರೆ, ಅಥವಾ ಕೋಣೆಯು ಗದ್ದಲದ್ದಾದರೆ, ಮೊದಲು ಹೋಗುವುದು ಈ ಪ್ರಾಣ. ಗಾಯಕರ ಹಿಂದೆ ತಂಬೂರಿಯ ಒಂದೊಂದು ತಂತಿಯೂ ಬೇರೆಬೇರೆಯಾಗಿ ಕೇಳಿಸುತ್ತಿದ್ದರೆ, ಗೃಹಸ್ಥನು ಇನ್ನು ಏನನ್ನೂ ಕೊಳ್ಳಬೇಕಾಗಿಲ್ಲ.

ಮೊದಲನೆಯ ಬಾಗಿಲಾದ ಧ್ವನಿಮುದ್ರಿಕೆಗೆ ಹಿಂದಿರುಗಬಹುದು. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕು ಸೆಕೆಂಡಿಗೆ 44,100 ಬಾರಿ ಧ್ವನಿಯ ಅಳತೆಯನ್ನು ಹಿಡಿದಿಡುತ್ತದೆ. ಮನುಷ್ಯನ ಕಿವಿಯ ಮಿತಿಯೆನಿಸಿದ 20,000 ಕಂಪನಗಳವರೆಗೆ ಅದು ಸಾಕು. ಇಂದು ದೂರವಾಣಿಯಲ್ಲಿಯೇ ಹಾಡು ಹರಿದುಬರುತ್ತದೆ. ಅಲ್ಲಿ ಕಡಮೆ ಗುಣಮಟ್ಟವನ್ನು ಬಿಟ್ಟು ಹೆಚ್ಚಿನದನ್ನು ಆರಿಸಿಕೊಳ್ಳುವುದು ಒಂದು ಗುಂಡಿ ಒತ್ತುವಷ್ಟರ ಕೆಲಸ. ಆದರೆ ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ನಿಮಿಷಕ್ಕೆ 78 ಸುತ್ತಿನ ಹಳೆಯ ತಟ್ಟೆಗಳಿದ್ದ ಮನೆಗಳಿಗೆ ಬೇರೆಯೇ ಎಚ್ಚರಿಕೆ ಅಗತ್ಯ. ಅವುಗಳ ಗೆರೆ ಅಗಲ. 1948ರಲ್ಲಿ ಬಂದ ದೀರ್ಘವಾದನದ ತಟ್ಟೆಗಾಗಿ ಮಾಡಿದ ಸೂಜಿಯನ್ನು ಅದರಲ್ಲಿಟ್ಟರೆ ಅದು ಗೆರೆಯ ತಳದಲ್ಲಿ ಉರುಳಾಡಿ ಕಸದ ಸದ್ದನ್ನೇ ಎತ್ತುತ್ತದೆ. ಸುಮಾರು ಮೂರರಷ್ಟು ದಪ್ಪ ತುದಿಯ ಸೂಜಿ ಬೇಕು. ಇನ್ನೂ ಮುಖ್ಯವಾದ ಮಾತೆಂದರೆ ಆ ತಟ್ಟೆಗಳಲ್ಲಿರುವುದು ಅರಗು. ಪಾಂಡವರನ್ನು ಸುಡಲು ಕಟ್ಟಿದ ಮನೆಯ ಅರಗೇ ಲೋಕಕ್ಕೆಲ್ಲ ಸಂಗೀತವನ್ನು ಹೊತ್ತದ್ದು ಒಂದು ಸೋಜಿಗ. ಧೂಳು ಹೋಗಲೆಂದು ಆ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಕೂಡದು. ಮರಗೆಲಸದವರು ಪಾಲಿಷಿಗೆ ಅರಗನ್ನು ಕರಗಿಸುವುದು ಸ್ಪಿರಿಟ್ಟಿನಲ್ಲಿಯೇ! ಅಜ್ಜನು ಜೋಪಾನ ಮಾಡಿದ ಹಾಡು ಮೊಮ್ಮಗನ ಶುಚಿತ್ವಕ್ಕೆ ಬಲಿಯಾಗುತ್ತದೆ.

ಕೊನೆಯ ಬಾಗಿಲು ಕಿವಿ. ಅದನ್ನು ಯಾರೂ ಬದಲಾಯಿಸಲಾರರು. ವಯಸ್ಸಾದಂತೆ ಮೇಲಿನ ಕಂಪನಗಳು ಮೊದಲು ಮರೆಯಾಗುತ್ತವೆ. ಎಷ್ಟೋ ಮನೆಗಳಲ್ಲಿ ಮಗನು ವೃದ್ಧ ತಂದೆಗೆಂದು ದುಬಾರಿ ಯಂತ್ರವನ್ನು ತಂದಿರುತ್ತಾನೆ. “ಹಾಡು ಕೇಳುತ್ತಪ್ಪ, ಮಾತು ಮಾತ್ರ ತಿಳಿಯೋದಿಲ್ಲ” ಎನ್ನುತ್ತಾರೆ ತಂದೆ. ಸದ್ದು ಸಾಲದೆಂದು ಭಾವಿಸಿ ಮಗನು ಇನ್ನೂ ದೊಡ್ಡ ಯಂತ್ರವನ್ನು ತರುತ್ತಾನೆ. ವೈಯಾಕರಣರ ಭಾಷೆಯಲ್ಲಿ ಹೇಳುವುದಾದರೆ ವೃದ್ಧರಿಗೆ ಸ್ವರವು ಕೇಳುತ್ತದೆ, ವ್ಯಂಜನವು ಕೇಳುವುದಿಲ್ಲ. ಸಕಾರ ಶಕಾರಗಳು, ಚಕಾರ ತಕಾರಗಳು ಮೇಲಿನ ಕಂಪನಗಳಲ್ಲಿ ನೆಲೆಸಿದ ಅಕ್ಷರಗಳು. ಅವು ಹೋದರೆ ಕೃತಿಯ ಸಾಹಿತ್ಯವು ಬರಿಯ ಅಕಾರ ಇಕಾರಗಳ ಸಾಲು. ಅಂಥವರಿಗೆ ಬೇಕಾದುದು ಹೆಚ್ಚು ವಾಟಲ್ಲ. ಕುರ್ಚಿಯು ಸ್ಪೀಕರಿನ ಹತ್ತಿರಕ್ಕೆ ಬರಬೇಕು. ಕೋಣೆಯ ಪ್ರತಿಧ್ವನಿ ಕುಗ್ಗಬೇಕು. ಒಮ್ಮೆ ಕಿವಿಯ ವೈದ್ಯರನ್ನು ಕಾಣಬೇಕು. ತರುಣರಾದರೋ ಇರುವ ಕಿವಿಯನ್ನು ಕಾಪಾಡಿಕೊಳ್ಳಬೇಕು. ವಾರಕ್ಕೆ 40 ಗಂಟೆ ಕೇಳುವವರು 80 ಡೆಸಿಬೆಲ್ಲನ್ನು ಮೀರಕೂಡದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಹಿತವಚನ. ಕಳೆದುಹೋದ ಯಂತ್ರವನ್ನು ಕೊಳ್ಳಬಹುದು. ಕಳೆದುಹೋದ ಸಕಾರವನ್ನು ಕೊಳ್ಳುವ ಅಂಗಡಿಯಿಲ್ಲ.

ಹಣವಿದ್ದವರು ಸಂಗೀತಕ್ಕೆ ಹೇಗೆ ಖರ್ಚು ಮಾಡಬಹುದೆಂಬುದಕ್ಕೆ ಮೈಸೂರಿನ ಇತಿಹಾಸದಲ್ಲಿಯೇ ಮೇಲ್ಪಂಕ್ತಿಯುಂಟು. ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದಲ್ಲಿಯೂ ಆಳವಾದ ಅಭಿರುಚಿಯುಳ್ಳವರಾಗಿದ್ದರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ವೃದ್ಧಾಪ್ಯದಲ್ಲಿ ಲೋಕದ ಗಮನಕ್ಕೆ ದೂರವಾಗಿದ್ದನು. 1940ರ ದಶಕದ ಉತ್ತರಾರ್ಧದಲ್ಲಿ ಮಹಾರಾಜರು ಧನಸಹಾಯ ಮಾಡಿ, ಆತನ ಕೃತಿಗಳನ್ನು ಹೆಚ್. ಎಂ. ವಿ. ತಟ್ಟೆಗಳಲ್ಲಿ ಮುದ್ರಿಸುವಂತೆ ಮಾಡಿದರು. ಅನೇಕ ಕೃತಿಗಳಲ್ಲಿ ಪಿಯಾನೋ ನುಡಿಸಿದವನು ಸ್ವತಃ ಮೆಟ್ನರನೇ. 1951ರಲ್ಲಿ ಆತನು ತೀರಿಕೊಂಡನು. ಆ ತಟ್ಟೆಗಳನ್ನು ಅಂದು ನುಡಿಸಿದ ಯಂತ್ರಗಳು ಹಳತಾದವು. ಆತನ ಬೆರಳುಗಳ ನಾದ ಮಾತ್ರ ಹೊಸ ಹೊಸ ಮುದ್ರಿಕೆಗಳಲ್ಲಿ ಇಂದಿಗೂ ಉಳಿದಿದೆ. ಮಹಾರಾಜರ ಔದಾರ್ಯ ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಹೊಸ ಆಂಪ್ಲಿಫೈಯರಿಗೆ ಎತ್ತಿಟ್ಟ ಹಣದಲ್ಲಿ ಒಂದು ಪಾಲು ಒಳ್ಳೆಯ ಧ್ವನಿಮುದ್ರಿಕೆಗೂ, ಒಂದು ಪಾಲು ಊರಿನ ಸಂಗೀತ ಸಭೆಯ ಚಂದಾಕ್ಕೂ ಹೋಗುವುದು ಯಾರಿಗೂ ಅಸಾಧ್ಯವಲ್ಲ.

ಯಂತ್ರದ ಮೋಹದಲ್ಲಿ ನಷ್ಟವಾಗುವುದು ಹಣವೊಂದೇ ಆಗಿದ್ದರೆ ಚಿಂತೆಯಿರಲಿಲ್ಲ. ತೋಡಿಯ ಆಲಾಪನೆ ನಡೆಯುತ್ತಿರುವಾಗ ಟ್ವೀಟರಿನ ಚಿಂತೆಯಲ್ಲಿರುವವನು ತೋಡಿಯನ್ನು ಕೇಳುತ್ತಿಲ್ಲ. ಐದು ನಿಮಿಷಕ್ಕೊಮ್ಮೆ ಹಾಡನ್ನು ಬದಲಿಸಿ ಯಂತ್ರವನ್ನು ಪರೀಕ್ಷಿಸುವವನ ಮನೆಯಲ್ಲಿ ಯಾವ ಕೃತಿಯೂ ಚರಣವನ್ನು ಮುಟ್ಟುವುದಿಲ್ಲ. ಮಕ್ಕಳು ಯಂತ್ರದ ಬೆಲೆಯನ್ನು ಕಲಿಯುತ್ತಾರೆ, ರಾಗದ ಹೆಸರನ್ನು ಕಲಿಯುವುದಿಲ್ಲ. ನಿಷ್ಠೆಯೆಂಬುದು ಯಂತ್ರಕ್ಕೆ ಮಾತ್ರ ಹೇಳಿದ ಧರ್ಮವಲ್ಲ. ಕೇಳುವವನಿಗೂ ಅದು ಅಷ್ಟೇ ಅನ್ವಯಿಸುತ್ತದೆ. ಮುಂದಿನ ಸಂಬಳಕ್ಕೆ ಕಾಯಬೇಕಾದ ಅಗತ್ಯವೂ ಇಲ್ಲ. ಒಂದು ಜಮಖಾನೆ, ಒಂದು ಕನ್ನಡಿ, ಒಂದು ಅಳತೆಯ ಪಟ್ಟಿ, ಪಕ್ಕದಲ್ಲಿ ಮಕ್ಕಳು, ಕೈಯಲ್ಲಿ ಒಂದು ಭಾನುವಾರ. ಇಷ್ಟಿದ್ದರೆ ಬಹಳ ಮನೆಗಳಲ್ಲಿ ಸಂಜೆಯೊಳಗೆ ಮೃದಂಗವು ಮೃದಂಗವಾಗಿಯೇ ನುಡಿಯುತ್ತದೆ.